ಲೈಬ್ರರಿ ತೆಗೀಲಿ ಅಂತ ಹುಲ್ಲಿನ ಮೇಲೆ ಕೂತಿದ್ದ ಹುಡುಗ: ನೆಲಿ ಲ್ಯಾಟ್ಸನ್ ಪ್ರಕರಣ

2010ರ ಮೇ 24, ಸೋಮವಾರ ಬೆಳಗ್ಗೆ. ಅಮೆರಿಕದ ವರ್ಜೀನಿಯಾದಲ್ಲಿ, ವಾಷಿಂಗ್ಟನ್ನಿಂದ ದಕ್ಷಿಣಕ್ಕೆ, ಸ್ಟ್ಯಾಫರ್ಡ್ ಕೌಂಟಿ (ನಮ್ಮ ಜಿಲ್ಲೆ ಥರ) ಅಂತ ಇದೆ, ಅಲ್ಲಿ 18 ವರ್ಷದ ಒಬ್ಬ ಹುಡುಗ ಮನೆಯಿಂದ ನಡ್ಕೊಂಡು ಲೈಬ್ರರಿಗೆ ಹೋದ. ಬಾಗಿಲು ಇನ್ನೂ ತೆಗೆದಿರ್ಲಿಲ್ಲ. ತೆಗೀಲಿ ಅಂತ ಹೊರಗಡೆ ಹುಲ್ಲಿನ ಮೇಲೆ ಕೂತ್ಕೊಂಡ. ಇಲ್ಲಿವರೆಗೆ ನಡೆದಿದ್ದರಲ್ಲಿ ಒಂದೇ ಒಂದು ತಪ್ಪು ತೋರ್ಸಿ ಅಂದ್ರೆ ಯಾರ ಕೈಲೂ ಆಗಲ್ಲ. ಆದ್ರೆ ಈ ಹುಡುಗ ಈ ಲೈಬ್ರರಿ ಮುಂದಿನ ಹುಲ್ಲಿಂದ ಎದ್ದವನು ಕೇಸಿನಿಂದ ಪೂರ್ತಿ ಬಿಡುಗಡೆ ಆಗಿದ್ದು 2021ರಲ್ಲಿ, ಹನ್ನೊಂದು ವರ್ಷ ಆದ್ಮೇಲೆ.

ಹುಡುಗನ ಹೆಸರು ರೆಜಿನಾಲ್ಡ್ ಲ್ಯಾಟ್ಸನ್, ಎಲ್ರೂ ನೆಲಿ ಅಂತಾರೆ. ಅಸ್ಪರ್ಜರ್ ಅಂತ ಡಯಾಗ್ನೋಸಿಸ್ ಆಗಿತ್ತು (2013ರಲ್ಲಿ ಅಮೆರಿಕದ ಮನೋವೈದ್ಯರ ಡಯಾಗ್ನೋಸಿಸ್ ಕೈಪಿಡಿ ಡಿಎಸ್ಎಂ-5 ಬಂದ್ಮೇಲೆ ಆ ಹೆಸರನ್ನೇ ತೆಗೆದು ಎಲ್ಲಾನೂ ಆಟಿಸಂ ಸ್ಪೆಕ್ಟ್ರಮ್ ಅಂತ ಒಂದೇ ಮಾಡಿದ್ರು), ಶಾಲೇಲಿ ಸ್ಪೆಷಲ್ ಎಜುಕೇಶನ್ ಮಕ್ಕಳ ಜೊತೆ ಓದ್ತಿದ್ದ. ಅವನ ಐಕ್ಯೂ (ಬುದ್ಧಿಮಟ್ಟದ ಅಂಕ, ಸರಾಸರಿ 100) 69 ಅಂತ ಆಮೇಲೆ ಪೇಪರಲ್ಲೂ ಬಂತು. ಕಪ್ಪು ಹುಡುಗ. ಹೂಡಿ (ತಲೆಗೆ ಟೋಪಿ ಹೊಲಿದಿರೋ ಸ್ವೆಟರ್) ಹಾಕ್ಕೊಂಡಿದ್ದ. ಈ ಎರಡು ವಿಷಯ ಇಲ್ಲಿ ಹೇಳ್ಲೇಬೇಕು, ಯಾಕಂದ್ರೆ ಪೊಲೀಸಿಗೆ ಫೋನ್ ಹೋಗಿದ್ದು ಇದನ್ನ ನೋಡೇ ಅಂತಾರೆ ಅವನ ತಾಯಿ.

ಲೈಬ್ರರಿ ಎದುರಿಗೆ ಪ್ರೈಮರಿ ಸ್ಕೂಲು. ಯಾರೋ ಒಬ್ಬರು ಪೊಲೀಸಿಗೆ ಹೇಳಿದ್ರು, ಅನುಮಾನಾಸ್ಪದ ಗಂಡಸು ಕೂತಿದ್ದಾನೆ, ಅವನ ಹತ್ರ ಗನ್ ಇರಬಹುದು ಅಂತ. "ಇರಬಹುದು". ಇದೇ ರಾಜ್ಯದಲ್ಲಿ ಮೂರು ವರ್ಷದ ಹಿಂದೆ, 2007ರಲ್ಲಿ, ವರ್ಜೀನಿಯಾ ಟೆಕ್ ಕ್ಯಾಂಪಸ್ಸಲ್ಲಿ 32 ಜನ ಗುಂಡೇಟಿಗೆ ಸತ್ತಿದ್ರು, ಸ್ಕೂಲ್ ಹತ್ರ ಗನ್ ಅಂದ್ರೆ ಅಲ್ಲಿ ಯಾರಿಗಾದ್ರೂ ಎದೆ ಧಸಕ್ ಅನ್ನುತ್ತೆ, ಅದನ್ನ ನಾನು ತಳ್ಳಿಹಾಕಲ್ಲ. ಸುತ್ತಮುತ್ತ ಶಾಲೆಗಳನ್ನ ಲಾಕ್‌ಡೌನ್ ಮಾಡಿದ್ರು. ಶೆರಿಫ್ ಆಫೀಸಿನ (ಅಂದ್ರೆ ಕೌಂಟಿ ಪೊಲೀಸ್) ಡೆಪ್ಯೂಟಿ ಒಬ್ಬರು, ಶಾಲೆ ಡ್ಯೂಟಿಲಿ ಇದ್ದವರು, ಹುಡುಗನ ಹತ್ರ ಬಂದ್ರು. ತಡಕಿ ನೋಡಿದ್ರು. ಗನ್ ಇರ್ಲಿಲ್ಲ.

ನನ್ ಪ್ರಕಾರ ಇಡೀ ಪ್ರಕರಣ ಇರೋದು ಈ ಮುಂದಿನ ಒಂದೆರಡು ನಿಮಿಷದಲ್ಲಿ. ಗನ್ ಇಲ್ಲ ಅಂತ ಗೊತ್ತಾಯ್ತು, ಅಂದ್ರೆ ಬಂದ ಕೆಲಸ ಮುಗೀತು ಅಲ್ವಾ, ಆದ್ರೆ ಮುಗೀಲಿಲ್ಲ, ಹೆಸರು ಕೇಳಿದ್ರು. ನೆಲಿ ಹೇಳ್ಲಿಲ್ಲ. ಮತ್ತೆ ಕೇಳಿದ್ರು, ಹೇಳ್ಲಿಲ್ಲ. ಎದ್ದು ಹೊರಡೋಕೆ ನೋಡ್ದ. ಹಿಡ್ಕೊಂಡ್ರು. ಅಲ್ಲಿಂದ ಜಟಾಪಟಿ, ಮತ್ತೆ ಆ ಜಟಾಪಟಿ ಸಣ್ಣದೇನಲ್ಲ, ಡೆಪ್ಯೂಟಿಗೆ ತಲೆಗೂ ಕಾಲಿಗೂ ಜೋರು ಪೆಟ್ಟಾಯ್ತು. ನೆಲಿ ಓಡಿಹೋದ, ಆಮೇಲೆ ಹಿಡಿದ್ರು. 

ಆಟಿಸಂ ಇರೋ ಮಗೂನ ಸಾಕಿರೋ ಯಾರಿಗೇ ಇದನ್ನ ಓದಿ ಹೇಳಿ, ಹೆಸರು ಕೇಳಿದ ಜಾಗಕ್ಕೆ ಬಂದ ತಕ್ಷಣ "ಅಯ್ಯೋ" ಅಂತಾರೆ. ಗೊತ್ತಿಲ್ಲದ ಗಂಟಲು ಜೋರಾಗಿ ಒಂದು ಪ್ರಶ್ನೆ ಕೇಳಿದ್ರೆ ಅದು ಒಳಗೆ ಹೋಗಿ, ಅರ್ಥ ಆಗಿ, ಬಾಯಿಗೆ ಬರೋಕೆ ನಮಗೆ ಅರ್ಧ ಸೆಕೆಂಡು ಸಾಕು, ಈ ಮಕ್ಕಳಿಗೆ ಐದು ಹತ್ತು ಸೆಕೆಂಡು ಬೇಕಾಗಬಹುದು, ಅಷ್ಟರಲ್ಲಿ ಕೇಳಿದವರು ಇನ್ನೊಂದ್ಸಲ ಕೇಳಿರ್ತಾರೆ, ಆಗ ಲೆಕ್ಕ ಮತ್ತೆ ಮೊದಲಿಂದ. ಕಣ್ಣಲ್ಲಿ ಕಣ್ಣಿಟ್ಟು ನೋಡಲ್ಲ. ಹಿಂದಿನಿಂದ ರಟ್ಟೆ ಹಿಡಿದ್ರೆ ಅದು ಅವರಿಗೆ ಬರೀ ಹಿಡಿಯೋದಲ್ಲ, ಮೈಯೆಲ್ಲಾ ಬೆಂಕಿ ತಾಗಿದ ಹಾಗೆ. ಓಡ್ತಾರೆ, ಇಲ್ಲ ಒದರ್ತಾರೆ, ಇಲ್ಲ ಹೊಡೀತಾರೆ. ಪೊಲೀಸ್ ಟ್ರೈನಿಂಗ್‌ನಲ್ಲಿ ಅನುಮಾನ ಪಡಿ ಅಂತ ಹೇಳಿಕೊಡೋ ಲಕ್ಷಣ ಏನೇನಿದೆಯೋ ಅವೆಲ್ಲ, ಕಣ್ಣು ತಪ್ಪಿಸೋದು, ಉತ್ತರ ಕೊಡದೇ ಇರೋದು, ಕೈ ಆಡಿಸ್ತಾ ಇರೋದು, ದೂರ ಸರಿಯೋದು, ಎಲ್ಲಾನೂ ನಮ್ಮ ಮಕ್ಕಳ ದಿನನಿತ್ಯದ ಅವತಾರ (ನನ್ ಮಗನಿಗೂ ಆಟಿಸಂ ಇದೆ).

ಇಲ್ಲಿ ನೆಲಿಯ ತಾಯಿ ಲೀಸಾ ಅಲೆಕ್ಸಾಂಡರ್ ಬರ್ತಾರೆ. ಆಕೆಯ ಕಷ್ಟ ಏನು ಅಂತ ಸರಿಯಾಗಿ ನೋಡಿ. ಸಾಮಾನ್ಯವಾಗಿ ಮಗನ ಪರ ನಿಲ್ಲೋ ಅಮ್ಮ ಅಂದ್ರೆ "ನನ್ ಮಗ ಮಾಡಿಲ್ಲ" ಅಂತ ಹೇಳೋಳು. ಈಕೆಗೆ ಆ ಮಾತು ಅರ್ಧ ಮಾತ್ರ ಹೇಳೋಕೆ ಸಾಧ್ಯ ಇತ್ತು. ಗನ್ ಇರ್ಲಿಲ್ಲ, ಸರಿ. ಮಗ ಯಾವ ಮಕ್ಕಳಿಗೂ ತೊಂದರೆ ಕೊಟ್ಟಿಲ್ಲ, ಸರಿ. ಆದ್ರೆ ಒಬ್ಬ ಮನುಷ್ಯ ಆಸ್ಪತ್ರೇಲಿ ಮಲಗಿದ್ದಾನೆ, ಅವನಿಗೂ ಮನೆ ಇದೆ, ಹಾಗಿರುವಾಗ ನನ್ ಮಗ ಕ್ರಿಮಿನಲ್ ಅಲ್ಲ ಅಂತ ಹೇಳ್ಬೇಕು. ಆ ಎರಡೂ ಒಟ್ಟಿಗೇ ನಿಜ ಅಂತ ಒಪ್ಪಿಸೋದಿದೆಯಲ್ಲ, ಅದು ಕೋರ್ಟಿನಲ್ಲಿ ಭಾರೀ ಕಷ್ಟದ ಕೆಲಸ. ಲೀಸಾ ಹಿಡ್ಕೊಂಡಿದ್ದು ಒಂದೇ ಎಳೆ, ಮೊದಲು ಅನುಮಾನ ಬಂತು, ಅಪರಾಧ ಅದರ ಹಿಂದೆ ಬಂತು. ಅನುಮಾನ ಇಲ್ದಿದ್ರೆ ಅಪರಾಧಾನೇ ಇರ್ತಿರ್ಲಿಲ್ಲ. ಕಪ್ಪು ಹುಡುಗ ಹೂಡಿ ಹಾಕ್ಕೊಂಡು ಕೂತಿದ್ದಕ್ಕೆ ಫೋನ್ ಹೋಯ್ತು ಅಂತ ಆಕೆ ನೇರವಾಗೇ ಹೇಳಿದ್ರು. ಫ್ಲೋರಿಡಾದಲ್ಲಿ ಹೂಡಿ ಹಾಕಿದ್ದ 17 ವರ್ಷದ ಟ್ರೇವಾನ್ ಮಾರ್ಟಿನ್ ಕೊಲೆಯಾಗಿ ಇಡೀ ಅಮೆರಿಕ ಆ ಬಟ್ಟೆ ಬಗ್ಗೆ ಮಾತಾಡೋಕೆ ಇನ್ನೂ ಎರಡು ವರ್ಷ ಬಾಕಿ ಇತ್ತು ಆಗ.

ಇನ್ನೊಂದು ತೊಡಕು, ವಯಸ್ಸು. 18 ತುಂಬಿತ್ತು. 17 ಆಗಿದ್ರೆ ಅಪ್ಪ ಅಮ್ಮನ್ನ ಕರೀಬೇಕು, ಜುವೆನೈಲ್ ದಾರಿ ಇರುತ್ತೆ. 18 ಆಯ್ತು ಅಂದ್ರೆ ಕಾನೂನಿನ ಕಣ್ಣಿಗೆ ಗಂಡಸು, ಮನೇಲಿ ಅವನಿಗೆ ಏನು ಬರುತ್ತೆ ಏನು ಬರಲ್ಲ ಅನ್ನೋದು ಯಾರಿಗೂ ಬೇಕಿಲ್ಲ. 

2011ರ ಮಾರ್ಚಲ್ಲಿ ವಿಚಾರಣೆ. ಪೊಲೀಸ್ ಅಧಿಕಾರಿಗೆ ದುರುದ್ದೇಶದಿಂದ ಗಾಯ ಮಾಡಿದ್ದು ಸೇರಿ ನಾಲ್ಕು ಆರೋಪ. ಡಿಫೆನ್ಸ್ ಕಡೆಯಿಂದ ಅಸ್ಪರ್ಜರ್ ವಿಷಯ ಹೇಳಿದ್ರು, ಜೂರಿ (ತೀರ್ಪು ಕೊಡೋಕೆ ಆರಿಸಿದ ಸಾಮಾನ್ಯ ಜನರ ಗುಂಪು) ಒಪ್ಲಿಲ್ಲ, ತಪ್ಪಿತಸ್ಥ ಅಂದ್ರು. ವರ್ಜೀನಿಯಾದಲ್ಲಿ ಆಗ ಶಿಕ್ಷೆ ಎಷ್ಟು ಅಂತಾನೂ ಜೂರಿನೇ ಸೂಚಿಸೋ ಪದ್ಧತಿ, ಹತ್ತೂವರೆ ವರ್ಷ ಅಂದ್ರು! ಜಡ್ಜು ಅದರಲ್ಲಿ ಎರಡು ವರ್ಷ ಇಟ್ಟು ಮಿಕ್ಕಿದ್ದನ್ನ ಅಮಾನತಲ್ಲಿ ಇಟ್ರು. ಕೇಳೋಕೆ ದೊಡ್ಡ ರಿಯಾಯ್ತಿ ಅನ್ಸುತ್ತೆ. ಆದ್ರೆ ಅಮಾನತಲ್ಲಿಟ್ಟ ಎಂಟೂವರೆ ವರ್ಷ ಅಂದ್ರೆ ತಲೆ ಮೇಲೆ ನೂಲಲ್ಲಿ ಕಟ್ಟಿದ ಬಂಡೆ, ಪ್ರೊಬೇಷನ್ (ಜೈಲಿನ ಹೊರಗೆ ಕೋರ್ಟಿನ ನಿಗಾದಲ್ಲಿರೋದು) ಷರತ್ತು ಒಂದು ಮುರಿದ್ರೆ ಬಂಡೆ ಬೀಳುತ್ತೆ. "ಹೇಳಿದ ಮಾತು ಕೇಳು, ಜಗಳ ಮಾಡ್ಬೇಡ, ಗಾಬರಿ ಆಗ್ಬೇಡ" ಅನ್ನೋ ಷರತ್ತನ್ನ ಯಾರಿಗೆ ಹಾಕ್ತಿದ್ದೀವಿ ಅಂತ ಒಂದ್ಸಲ ಯೋಚನೆ ಮಾಡಿ.

ಕಾನೂನಿನ ಒಂದು ವಿಷಯ ಇಲ್ಲೇ ಹೇಳ್ಬಿಡ್ತೀನಿ, ಬೋರ್ ಆದ್ರೂ ಓದಿ. ವರ್ಜೀನಿಯಾದಲ್ಲಿ ಆಗ ಪರಿಸ್ಥಿತಿ ಹೇಗಿತ್ತು ಅಂದ್ರೆ, ಆರೋಪಿಗೆ ಹುಚ್ಚು ಅಂತ ಸಾಬೀತು ಮಾಡಿದ್ರೆ ಆ ದಾರಿ ಇದೆ, ಇಲ್ಲ ಅಂದ್ರೆ ಅವನ ಮನಸ್ಸು ಹೇಗೆ ಕೆಲಸ ಮಾಡುತ್ತೆ ಅನ್ನೋದನ್ನ "ಇವನಿಗೆ ಆ ಉದ್ದೇಶ ಇರ್ಲಿಲ್ಲ" ಅಂತ ತೋರ್ಸೋಕೆ ಸಾಕ್ಷ್ಯವಾಗಿ ತರೋ ಹಾಗಿಲ್ಲ, 1985ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಹಾಗೆ ಗೆರೆ ಎಳೆದಿತ್ತು. ಅಂದ್ರೆ ಒಂದೋ ಪೂರ್ತಿ ಹುಚ್ಚ, ಇಲ್ಲಾ ಪೂರ್ತಿ ನಾರ್ಮಲ್ ಮನುಷ್ಯ, ನಡುವೆ ಜಾಗಾನೇ ಇಲ್ಲ. ಆಟಿಸಂ ಇರೋದೇ ಆ ನಡುವೆ. ನಮ್ಮಲ್ಲೂ ಮೊದಲಿನ ಐಪಿಸಿ 84ನೇ ಸೆಕ್ಷನ್ನು, ಈಗ ಭಾರತೀಯ ನ್ಯಾಯ ಸಂಹಿತೆಯ 22, ಅದೇ ಬುದ್ಧಿ ಸ್ವಾಧೀನ ಇಲ್ಲದವನ ಮಾತೇ ಆಡುತ್ತೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 21 ಬಗೆಯ ವೈಕಲ್ಯ ಪಟ್ಟಿ ಮಾಡಿ ಅದರಲ್ಲಿ ಆಟಿಸಂ ಸೇರ್ಸಿದೆ, ನ್ಯಾಯ ಪಡೆಯೋ ಹಕ್ಕಿನ ಬಗ್ಗೆ 12ನೇ ಸೆಕ್ಷನ್ ಬೇರೆ ಇದೆ. ಪೊಲೀಸ್ ಜೀಪು ಬಂದು ನಿಂತಾಗ ಆ ಕಾಯ್ದೆ ಎಷ್ಟು ಜನಕ್ಕೆ ನೆನಪಿರುತ್ತೆ ಅನ್ನೋದು ಬೇರೆ ಮಾತು.

ನೆಲಿಗೆ ವಾಪಸ್ ಬರೋಣ. ಬಿಡುಗಡೆ ಆಗಿ ಗ್ರೂಪ್ ಹೋಮಿನಲ್ಲಿದ್ದ (ವೈಕಲ್ಯ ಇರೋರು ನೋಡ್ಕೊಳ್ಳೋರ ಜೊತೆ ಒಟ್ಟಿಗೆ ಇರೋ ಮನೆ). 2013ರಲ್ಲಿ ಮನಸ್ಸು ಪೂರ್ತಿ ಕುಸೀತು, ಸಾಯ್ತೀನಿ ಅನ್ನೋ ಮಟ್ಟಕ್ಕೆ ಬಂತು. ಇಂಥ ಹೊತ್ತಲ್ಲಿ ಅಲ್ಲಿ ಕರೆಯೋದು ಯಾರನ್ನ? ಪೊಲೀಸರನ್ನ. ಪೊಲೀಸರು ಬಂದ್ರು, ಮತ್ತೆ ಜಟಾಪಟಿ, ಪ್ರೊಬೇಷನ್ ಮುರೀತು, ಮತ್ತೆ ಜೈಲು. ಜೈಲಲ್ಲಿ ಇನ್ನೂ ಹದಗೆಟ್ಟು, ಬೇರೆ ಸೆಲ್ಲಿಗೆ ಹಾಕೋಕೆ ಹೋದಾಗ ಗಾರ್ಡ್ ಜೊತೆ ಹೊಡೆದಾಟ, ಅದಕ್ಕೆ ಹೊಸ ಕೇಸು. ಆಮೇಲೆ ತಿಂಗಳುಗಟ್ಟಲೆ ಒಂಟಿ ಸೆಲ್ಲು. ಗಂಟೆಗಟ್ಟಲೆ ಕುರ್ಚಿಗೆ ಕಟ್ಟಿಹಾಕಿದ್ರು, ಟೇಸರ್ (ಕರೆಂಟ್ ಶಾಕ್ ಕೊಡೋ ಗನ್) ಹೊಡೆದ್ರು ಅಂತ ಆಮೇಲೆ 2016ರಲ್ಲಿ ಫೆಡರಲ್ ಕೋರ್ಟಲ್ಲಿ ಹಾಕಿದ ಮೊಕದ್ದಮೇಲಿ ಹೇಳಿದಾರೆ.

ಸರಪಳಿ ನೋಡಿ. ಕೂತಿದ್ದಕ್ಕೆ ಅನುಮಾನ, ಅನುಮಾನಕ್ಕೆ ಹಿಡಿದಿದ್ದು, ಹಿಡಿದಿದ್ದಕ್ಕೆ ಹೊಡೆದಿದ್ದು, ಹೊಡೆದಿದ್ದಕ್ಕೆ ಜೈಲು, ಜೈಲಿಂದ ಸಾಯೋ ಯೋಚನೆ, ಆ ಯೋಚನೆಗೆ ಪೊಲೀಸು, ಪೊಲೀಸಿಂದ ಮತ್ತೆ ಜೈಲು, ಜೈಲಲ್ಲಿ ಇನ್ನೊಂದು ಕೇಸು. ಕೇಸ್ ಫೈಲಲ್ಲಿ ಇದು ಹೇಗೆ ಕಾಣುತ್ತೆ ಗೊತ್ತಾ, "ಪದೇ ಪದೇ ಹಿಂಸೆ ಮಾಡೋ ವ್ಯಕ್ತಿ". ಮಗನ ಬಗ್ಗೆ ಅಮ್ಮ ಬಾಯಿ ತೆಗೆದ್ರೆ ಆ ಫೈಲು ಎದುರಿಗೆ ಬಂದು ಬೀಳುತ್ತೆ. ಮೊದಲನೇ ದಿನ ಆಕೆ ಒಂದು ಘಟನೆ ವಿವರಿಸಿದ್ರೆ ಸಾಕಿತ್ತು, ಮೂರು ವರ್ಷಕ್ಕೆ ಒಂದು ಚರಿತ್ರೆನೇ ವಿವರಿಸಬೇಕಾಯ್ತು.

ಹಾಗಾದ್ರೆ ಏನು ಕೆಲಸ ಮಾಡ್ತು? ಕೋರ್ಟಂತೂ ಅಲ್ಲ. ಲೀಸಾ ಒಬ್ಬರೇ ಕೂಗ್ತಿದ್ದ ಮಾತಿಗೆ ನಿಧಾನಕ್ಕೆ ಜನ ಸೇರಿದ್ರು, ಬೌದ್ಧಿಕ ವೈಕಲ್ಯ ಇರೋರ ಪರ ಕೆಲಸ ಮಾಡೋ ದಿ ಆರ್ಕ್ ಅನ್ನೋ ಹಳೇ ಸಂಸ್ಥೆ, ಆಟಿಸಂ ಇರೋರೇ ನಡೆಸೋ ಆಟಿಸ್ಟಿಕ್ ಸೆಲ್ಫ್ ಅಡ್ವೊಕಸಿ ನೆಟ್‌ವರ್ಕ್, ನಾಗರಿಕ ಹಕ್ಕುಗಳ ಸಂಸ್ಥೆ ವರ್ಜೀನಿಯಾದ ಎಸಿಎಲ್‌ಯು. ವಾಷಿಂಗ್ಟನ್ ಪೋಸ್ಟಲ್ಲಿ ಅಂಕಣ ಬಂತು. ಅವರೆಲ್ಲ ಸೇರಿ ಗವರ್ನರ್ ಹತ್ರ ಹೋದ್ರು, ಇವನಿಗೆ ಬೇಕಾಗಿರೋದು ಟ್ರೀಟ್ಮೆಂಟು, ಕೋಣೆಯಲ್ಲ ಅಂತ. 2015ರ ಜನವರೀಲಿ ಗವರ್ನರ್ ಟೆರ್ರಿ ಮೆಕಾಲಿಫ್ ಷರತ್ತಿನ ಕ್ಷಮಾದಾನ ಕೊಟ್ರು. ಫ್ಲೋರಿಡಾದ ಒಂದು ಚಿಕಿತ್ಸಾ ಕೇಂದ್ರಕ್ಕೆ ಹೋಗ್ಬೇಕು, ಹತ್ತು ವರ್ಷ ನಿಗಾ ಇರುತ್ತೆ. 

ಜೈಲಿಂದ ಹೊರಗೆ ಬಂದ, ಹೌದು. ಆದ್ರೆ ಆ ನಿಗಾ ಇದೆಯಲ್ಲ, ಅದು ಹೊಸ ಬಂಡೆ, ಹೊಸ ನೂಲು. ಎಲ್ಲೋ ಒಂದ್ಸಲ ಮೆಲ್ಟ್‌ಡೌನ್ (ತಡ್ಕೊಳ್ಳೋಕಾಗ್ದೆ ಪೂರ್ತಿ ಕುಸಿದು ಹೋಗೋದು) ಆಗಿ ಯಾರೋ ಪೊಲೀಸಿಗೆ ಫೋನ್ ಮಾಡಿದ್ರೆ ಮತ್ತೆ ಜೈಲೇ. ಹಾಗಾಗಿ ಅವರು ನಿಲ್ಲಿಸ್ಲಿಲ್ಲ, ಇನ್ನೂ ಆರು ವರ್ಷ ಬೆನ್ನು ಹತ್ತಿದ್ರು. 2021ರ ಜೂನಲ್ಲಿ ಗವರ್ನರ್ ರಾಲ್ಫ್ ನಾರ್ತಮ್ ಪೂರ್ಣ ಕ್ಷಮಾದಾನ ಕೊಟ್ರು. ನೆಲಿಗೆ ಆಗ 29. ಅದೇ ವರ್ಷ ಜುಲೈ 1ರಿಂದ ವರ್ಜೀನಿಯಾದಲ್ಲಿ ಕಾನೂನೂ ಬದಲಾಯ್ತು, ಆಟಿಸಂನಂಥ ಬೆಳವಣಿಗೆಯ ವೈಕಲ್ಯ ಇರೋ ಆರೋಪಿಯ ಮನಸ್ಥಿತಿ ಬಗ್ಗೆ, ಅವನಿಗೆ ನಿಜವಾಗ್ಲೂ ಆ ಉದ್ದೇಶ ಇತ್ತಾ ಅಂತ ನೋಡೋಕೆ, ಈಗ ಸಾಕ್ಷ್ಯ ತರಬಹುದು. ಇವನಿಗೆ ಹನ್ನೊಂದು ವರ್ಷ ತಡ.

ಕ್ಷಮಾದಾನ ಅನ್ನೋ ಪದದ ಬಗ್ಗೆ ನನಗೆ ಸ್ವಲ್ಪ ತಕರಾರಿದೆ. ಕ್ಷಮೆ ಅಂದ್ರೆ ತಪ್ಪು ಮಾಡಿದ್ಯ, ಹೋಗ್ಲಿ ಬಿಡು ಅಂತ. ಆದ್ರೆ ಒಬ್ಬ ಅಮ್ಮ ಹನ್ನೊಂದು ವರ್ಷ ಅಲೆದಾಡಿದ್ಮೇಲೆ ಪದ ಹಿಡ್ಕೊಂಡು ಜಗಳ ಆಡಲ್ಲ, ಕಾಗದ ತಗೊಂಡು ಮನೆಗೆ ಹೋಗ್ತಾಳೆ.

ಇದೊಂದೇ ಅಲ್ಲ ಅಂತ ಹೇಳೋಕೆ ಎರಡು ಮಾತು. 2016ರ ಜುಲೈ, ಫ್ಲೋರಿಡಾದ ನಾರ್ತ್ ಮಯಾಮಿ, ಆಟಿಸಂ ಇರೋ ಒಬ್ಬ ಯುವಕ ರಸ್ತೇಲಿ ಆಟಿಕೆ ಟ್ರಕ್ ಹಿಡ್ಕೊಂಡು ಕೂತಿದ್ದ, ಗನ್ ಇದೆ ಅಂತ ಫೋನ್ ಹೋಯ್ತು, ಪೊಲೀಸ್ ಹೊಡೆದ ಗುಂಡು ಅವನ ಪಕ್ಕದಲ್ಲಿ ಎರಡೂ ಕೈ ಮೇಲೆತ್ತಿ ಮಲಗಿದ್ದ ಕೇರ್‌ಟೇಕರ್ ಕಾಲಿಗೆ ಬಿತ್ತು. ಮುಂದಿನ ವರ್ಷ ಅರಿಜೋನಾದ ಬಕೈ ಊರಿನ ಪಾರ್ಕಲ್ಲಿ 14ರ ಹುಡುಗ ಒಂದು ದಾರ ಹಿಡ್ಕೊಂಡು ಮುಖದ ಹತ್ರ ಆಡಿಸ್ತಿದ್ದ, ಪೊಲೀಸಿಗೆ ಡ್ರಗ್ಸ್ ತಗೊಂಡಿದ್ದಾನೆ ಅನ್ನಿಸ್ತು, ನೆಲಕ್ಕೆ ಕೆಡವಿದ್ರು. ಆ ದಾರ ಆಡಿಸೋದಕ್ಕೆ ಸ್ಟಿಮ್ಮಿಂಗ್ ಅಂತಾರೆ, ಮನಸ್ಸು ಸಮಾಧಾನ ಮಾಡ್ಕೊಳ್ಳೋ ಅವರ ಉಪಾಯ ಅದು.

ಅಮೆರಿಕದ ಕಥೆ, ಗನ್ನಿನ ದೇಶ, ನಮಗೇನು ಅನ್ನೋರಿಗೆ ನನ್ ಮನೆ ಕಥೆ ಹೇಳ್ತೀನಿ. ನನ್ ಮಗನಿಗೆ ಈಗ 16. ಅವನಿಗೆ ಗಾಡಿ ನಂಬರ್ ಪ್ಲೇಟ್ ಅಂದ್ರೆ ಪ್ರಾಣ, ನಿಂತಿರೋ ಸ್ಕೂಟರ್ ಪ್ಲೇಟ್ ಮೇಲೆ ಬೆರಳು ಓಡಿಸ್ತಾ ಓದ್ತಾನೆ, ಕೆಎ ಸೊನ್ನೆ ಐದು, ಕೆಎ ನಲವತ್ತೊಂದು ಹೀಗೆ. ಆರು ವರ್ಷ ಇದ್ದಾಗ ಅದೇ ಬೀದಿ ಆಂಟಿಯರು "ಎಷ್ಟು ಚೂಟಿ ಕಣೇ ನಿನ್ ಮಗ" ಅಂತ ಗಲ್ಲ ಹಿಂಡೋರು. ಹೋದ ವರ್ಷ ಒಂದು ಸಂಜೆ, ನಮ್ಮ ಮನೆಯಿಂದ ಎರಡು ಕ್ರಾಸ್ ಆಚೆ, ಅದೇ ಬೆರಳು, ಅದೇ ಪ್ಲೇಟು, ಏಳೆಂಟು ಜನ ಸುತ್ಕೊಂಡು ನಿಂತಿದ್ರು. ಗಾಡಿ ಎತ್ತೋಕೆ ಬಂದಿದ್ದಾನೆ ಅಂತ. ಹೆಸರೇನೋ ಅಂದ್ರೆ ಅವನೂ "ಹೆಸರೇನೋ" ಅಂತಿದ್ದಾನೆ. ಅವನು ಕೇಳಿದ್ದನ್ನೇ ತಿರುಗಿ ಹೇಳ್ತಾನೆ, ಟೆನ್ಶನ್ ಆದ್ರೆ ಇನ್ನೂ ಜಾಸ್ತಿ. ಅವರಿಗದು ಕೊಬ್ಬು ಥರ ಕೇಳಿಸಿದೆ. ಒಬ್ಬ ಕಾಲರ್ ಹಿಡಿದಿದ್ದ.

ನಾನು ಚಪ್ಪಲಿನೂ ಹಾಕ್ದೆ ಓಡಿದೆ. ಬಿಡ್ರೀ, ಅವನಿಗೆ ಆಟಿಸಂ ಇದೆ ಅಂದೆ. ಅಲ್ಲಿದ್ದ ಹಿರಿಯರೊಬ್ಬರು, ಕೆಟ್ಟವರೇನಲ್ಲ, ನಿಜಕ್ಕೂ ಅರ್ಥ ಆಗ್ದೆ ಕೇಳಿದ್ರು, "ಅಲ್ಲಮ್ಮ, ಇಷ್ಟುದ್ದ ಬೆಳೆದಿದ್ದಾನೆ, ಮೀಸೆ ಬಂದಿದೆ, ಇವನಿಗೆಂಥ ಆಟಿಸಂ?" ಆ ಮಾತು ನನ್ ಕಿವೀಲಿ ಇನ್ನೂ ಇದೆ. ಆಟಿಸಂ ಅಂದ್ರೆ ಜನಕ್ಕೆ ಏಪ್ರಿಲ್ 2ನೇ ತಾರೀಕಿನ ಆಟಿಸಂ ದಿನದ ಪೋಸ್ಟರಲ್ಲಿರೋ ಪುಟ್ಟ ಮಗು, ಆ ಮಗು ಬೆಳೀತು ಅಂತ ಯಾರಿಗೂ ಹೊಳೆಯಲ್ಲ. ಐದಾರು ನಿಮಿಷದಲ್ಲಿ ಮುಗೀತು, ಯಾರೋ ಸಾರಿ ಅಂದ್ರು, ಮಗ ಹದಿನೈದು ದಿನ ಗೇಟ್ ದಾಟ್ಲಿಲ್ಲ. ಮುಗಿದಿದ್ದು ಅದೃಷ್ಟ. 2018ರಲ್ಲಿ ಮಕ್ಕಳ ಕಳ್ಳರು ಬಂದಿದ್ದಾರೆ ಅನ್ನೋ ವಾಟ್ಸಾಪ್ ಗಾಳಿಮಾತಿಗೆ ಬೆಂಗಳೂರಿನ ಚಾಮರಾಜಪೇಟೇಲಿ ಒಬ್ಬರು, ಬೀದರ್ ಜಿಲ್ಲೆ ಮುರ್ಕಿ ಹತ್ರ ಇನ್ನೊಬ್ಬರು ಗುಂಪಿನ ಕೈಲಿ ಸತ್ತಿದ್ರು, ಅವರಿಬ್ಬರಿಗೂ ಮಾತಾಡೋಕೆ ಬರ್ತಿತ್ತು. ನಮಗೆ ಗನ್ ಬೇಕಿಲ್ಲ.

ಲೀಸಾ ಪ್ರಕರಣ ಓದಿ ನಾನು ಮಾಡ್ಕೊಂಡಿದ್ದು ಇಷ್ಟು. ಯುಡಿಐಡಿ ಕಾರ್ಡಿನ (ಸರ್ಕಾರ ಕೊಡೋ ವಿಕಲಚೇತನರ ಗುರುತಿನ ಚೀಟಿ) ಜೆರಾಕ್ಸ್ ಲ್ಯಾಮಿನೇಟ್ ಮಾಡ್ಸಿ ಅವನ ಜೇಬಲ್ಲಿ ಇಟ್ಟೆ, ಆಮೇಲೆ ತೆಗೆದು ಕುತ್ತಿಗೆಗೆ ಹಾಕಿದೆ, ಯಾಕಂದ್ರೆ ಗಾಬರೀಲಿ ಜೇಬಿಗೆ ಕೈ ಹಾಕೋ ಹುಡುಗನ್ನ ನೋಡಿ ಎದುರಿಗಿರೋರು ಏನಂದ್ಕೋತಾರೆ ಅಂತ ಹೊಳೀತು. ಅದರ ಹಿಂದೆ ಕನ್ನಡದಲ್ಲಿ ಮೂರೇ ಸಾಲು: ನನಗೆ ಆಟಿಸಂ ಇದೆ, ಮುಟ್ಟಬೇಡಿ, ಈ ನಂಬರಿಗೆ ಫೋನ್ ಮಾಡಿ. ಕ್ರಾಸ್ ಕ್ರಾಸಿಗೂ ಹೋಗಿ ಅಂಗಡಿಯವರಿಗೆ, ಇಸ್ತ್ರಿ ಅಂಗಡಿ ಅಣ್ಣನಿಗೆ, ಸೆಕ್ಯೂರಿಟಿ ಅಂಕಲ್‌ಗಳಿಗೆ ಪರಿಚಯ ಮಾಡಿಸಿದೆ. 18 ತುಂಬಿದ್ಮೇಲೆ ನ್ಯಾಷನಲ್ ಟ್ರಸ್ಟ್ ಕಾಯ್ದೆ ಕೆಳಗೆ ಗಾರ್ಡಿಯನ್‌ಶಿಪ್ (ಅವನ ಕಾನೂನುಬದ್ಧ ಪೋಷಕಿ ಅನ್ನೋ ಅಧಿಕಾರ) ತಗೋಬೇಕು, ಅದಕ್ಕೆ ಕಾಗದ ಜೋಡಿಸ್ತಿದ್ದೀನಿ. ದಿನಾ ಸಂಜೆ ನಮ್ಮೆಜಮಾನ್ರು ಪೊಲೀಸ್ ಥರ ಗಂಟಲು ಮಾಡಿ "ಹೆಸರೇನು" ಅಂತಾರೆ, ಹತ್ತಕ್ಕೆ ನಾಲ್ಕು ಸಲ ಸರಿಯಾಗಿ ಹೇಳ್ತಾನೆ, ಉಳಿದ ಆರು ಸಲ ಅದೇ ಗಂಟಲಲ್ಲಿ "ಹೆಸರೇನು" ಅಂತಾನೆ, ಅವರಪ್ಪನಿಗಿಂತ ಚೆನ್ನಾಗಿ ಮಾಡ್ತಾನೆ.

ಸ್ಟೇಷನ್ನಿಗೂ ಹೋಗಿದ್ದೆ. ಅಲ್ಲಿದ್ದ ಎಎಸ್ಐ ಒಬ್ಬರು ಪೂರ್ತಿ ಕೂತು ಕೇಳಿಸ್ಕೊಂಡ್ರು, ಅವರ ಅಕ್ಕನ ಮಗಳಿಗೂ ಮಾತು ತಡ ಅಂತೆ. "ಮೇಡಂ, ಒಂದು ಫೋಟೋ, ಅಡ್ರೆಸ್ಸು ಕೊಟ್ಟು ಹೋಗಿ, ಬೀಟಿಗೆ ಹೋಗೋ ಹುಡುಗ್ರಿಗೆ ತೋರಿಸಿ ಇಡ್ತೀನಿ" ಅಂದ್ರು. ಒಳ್ಳೇ ಮನಸ್ಸಿಂದಾನೇ ಹೇಳಿದ್ದು. ಮಾರನೇ ದಿನ ಪಾಸ್‌ಪೋರ್ಟ್ ಸೈಜ್ ಫೋಟೋ ತಗೊಂಡು ಸ್ಟೇಷನ್ ಮೆಟ್ಟಿಲವರೆಗೂ ಹೋದೆ. ಒಳಗೆ ಗೋಡೆ ಮೇಲೆ ಸಾಲಾಗಿ ಅಂಟಿಸಿರೋ ಫೋಟೋಗಳು ಬಾಗಿಲಿಂದಾನೇ ಕಾಣ್ತಿದ್ವು. ನನ್ ಮಗನ ಫೋಟೋ ಇವತ್ತು ಯಾವ ಕಾರಣಕ್ಕೆ ಇಲ್ಲಿಗೆ ಬಂತು ಅಂತ ಈ ಎಎಸ್ಐಗೆ ಗೊತ್ತಿರುತ್ತೆ, ಅವರು ಟ್ರಾನ್ಸ್‌ಫರ್ ಆದ್ಮೇಲೆ ಬರೋರಿಗೆ ಯಾರು ಹೇಳ್ತಾರೆ ಅಂತ ಅಲ್ಲೇ ನಿಂತು ಯೋಚಿಸಿದೆ, ಒಳಗೂ ಹೋಗ್ಲಿಲ್ಲ, ಫೋಟೋ ಹರಿದೂ ಹಾಕ್ಲಿಲ್ಲ. ಪರ್ಸಲ್ಲೇ ಇದೆ ಇನ್ನೂ.